ಲಕ್ಕಿ ಗಿಡಕ್ಕೆ ಸಿಟ್ಟಿನ ವಾಸನೆ ಬಂದದ್ದು

ಲೋಕ ಇನ್ನೂ ಹಸಿಯಾಗಿತ್ತು ಮಕ್ಕಳಾ. ಕುಂಬಾರ ತಿಗುರಿಯಿಂದ ಆಗತಾನೆ ಇಳಿಸಿದ ಮಡಕೆಯ ಹಾಗಿತ್ತು. ಗುಡ್ಡದ ಮೇಲೆ ಬೆರಳಿಟ್ಟರೆ ಗುರುತು ಮೂಡುತ್ತಿತ್ತು. ನಮ್ಮೂರ ಗುಡ್ಡದ ನೆತ್ತಿಯ ಮೇಲೆ ಒಂದು ತಗ್ಗು ಇದೆಯಲ್ಲ, ಅದು ನಮ್ಮ ಹಿರೀಕರಲ್ಲೊಬ್ಬ ನಿದ್ದೆಯಿಂದ ಏಳುವಾಗ ಕೈ ಊರಿದ ಜಾಗ. ಸುಳ್ಳು ಅನ್ನುವವರು ಹೋಗಿ ಅಳೆದು ಬರಲಿ. ನಮ್ಮ ಮನೆತನದ ಕೈ ಮೊದಲಿನಿಂದಲೂ ದೊಡ್ಡದು.

ಆ ಕಾಲದಲ್ಲಿ ಗಿಡಗಳು ನಡೆಯುತ್ತಿದ್ದವು. ಬಿಸಿಲು ಜೋರಾದರೆ ಬೇರುಗಳನ್ನು ಸೀರೆಯ ನಿರಿಗೆಯ ಹಾಗೆ ಎತ್ತಿಕೊಂಡು ಹಳ್ಳಕ್ಕೆ ಹೋಗುತ್ತಿದ್ದವು, ಕಾಲು ನೆನೆಸಿಕೊಂಡು ಬರುತ್ತಿದ್ದವು. ಆಮೇಲೆ ಯಾಕೆ ನಡೆಯುವುದನ್ನು ಬಿಟ್ಟವು ಅನ್ನುವುದು ಬೇರೆ ಜಗಳ. ಇಲ್ಲಿ ಬೇಡ.

ನಡೆಯುತ್ತಿದ್ದವು, ಮಾತಾಡುತ್ತಿದ್ದವು, ಆದರೆ ಒಂದಕ್ಕೂ ವಾಸನೆ ಇರಲಿಲ್ಲ. ಮಲ್ಲಿಗೆಗೆ ಇಲ್ಲ, ತುಳಸಿಗೆ ಇಲ್ಲ, ಬೇವಿಗೂ ಇಲ್ಲ. ಗಾಳಿಯಪ್ಪ ದಿನವಿಡೀ ಬರಿಗೈಯಲ್ಲಿ ಊರೂರು ತಿರುಗುತ್ತಿದ್ದ. ಹೊರಲು ಅವನಿಗೆ ಏನೂ ಇರಲಿಲ್ಲ ಪಾಪ.

ನಮ್ಮ ಹಳ್ಳದ ದಂಡೆಯಲ್ಲಿ ಲಕ್ಕಿ ಗಿಡ ಇತ್ತು. ಗಿಡ ಅಂದರೆ ಗಿಡ, ಅಷ್ಟೇ. ತಿನ್ನಲು ಹಣ್ಣಿಲ್ಲ, ನೇಗಿಲಿಗೆ ಆಗುವ ಕಟ್ಟಿಗೆಯಿಲ್ಲ, ಒಬ್ಬರು ಕೂರುವಷ್ಟು ನೆರಳಿಲ್ಲ. ಎಲೆ ಮಾತ್ರ ಇತ್ತು. ಬೆರಳು ಜೋಡಿಸಿದ ಅಂಗೈಯಂಥ ಒಂದೇ ತುಂಡಿನ ಮೆತ್ತನೆ ಎಲೆ. ಆ ಎಲೆ ಸಿಹಿ. ಅದೇ ಅವಳಿಗೆ ಮುಳುವಾದದ್ದು. ಆಡುಗಳಿಗೆ ಲಕ್ಕಿ ಅಂದರೆ ಬೆಲ್ಲ. ಬೆಳಿಗ್ಗೆ ಚಿಗುರಿದರೆ ಸಂಜೆಗೆ ಬೋಳು.

"ಏ ಲಕ್ಕೀ, ನಾಳೆ ಇನ್ನೊಂಚೂರು ದಪ್ಪನ ಎಲಿ ಬಿಡು" ಎಂದು ಹೋತ ಗಡ್ಡ ಒರೆಸಿಕೊಂಡು ಹೇಳಿ ಹೋಗುತ್ತಿತ್ತು.

ಲಕ್ಕಿ ಹಲ್ಲು ಕಚ್ಚುತ್ತಿದ್ದಳು. ಇಷ್ಟೆಲ್ಲ ನನಗೆ ಹೇಳಿದ್ದು ಹಳ್ಳವೇ. ಹಳ್ಳ ಎಲ್ಲರಿಗೂ ಹೇಳುವುದಿಲ್ಲ.

ಆಗ ಲೋಕದಲ್ಲಿ ಮೊದಲ ಸಲ ಜೋಳ ಬೆಳೆದವರು ನಮ್ಮ ಮನೆತನದ ಹುಲಿಗೆವ್ವ ಮತ್ತು ಅವಳ ಗಂಡ ಗದ್ದೆಪ್ಪ. ಆಗಿನ ಜೋಳದ ದಂಟು ಈಗಿನ ಕಡ್ಡಿಯಂಥದ್ದಲ್ಲ. ಒಂದು ತೆನೆ ಕೊಯ್ಯಲು ಗದ್ದೆಪ್ಪ ಬೆಳಿಗ್ಗೆ ದಂಟು ಹತ್ತಿದರೆ ಮಧ್ಯಾಹ್ನದ ಬುತ್ತಿಯನ್ನು ಅಲ್ಲೇ ಮೇಲೆ ಬಿಚ್ಚುತ್ತಿದ್ದ. ಕೊಕ್ಕರೆಗಳು ಅವನ ರೊಟ್ಟಿಗೆ ಕಾಯುತ್ತಿದ್ದವು.

ಸುಗ್ಗಿ ಮುಗಿಯಿತು. ಕಣದಲ್ಲಿ ಜೋಳದ ರಾಶಿ ಗುಡ್ಡದ ಜೊತೆ ಎತ್ತರಕ್ಕೆ ಪಂದ್ಯ ಕಟ್ಟಿತು. ಕಾಳನ್ನು ಇಡಲು ಗಂಡ ಹೆಂಡತಿ ನೆಲದೊಳಗೆ ಹಗೇವು ತೋಡಿದರು. ಹಗೇವು ಗೊತ್ತಲ್ಲ? ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಮಣ್ಣು ಸಗಣಿ ಸಾರಿಸಿದ ನೆಲದಡಿಯ ಕಣಜ. ಮೇಲೆ ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ಒಳಗಿನ ಉಸಿರು ಒಳಗೇ.

ರಾಶಿ ತುಂಬುವ ದಿನ ಹುಲಿಗೆವ್ವನ ಕಾಲ ಬಳಿ ಒಂದು ಸಣ್ಣ ದನಿ ಕೇಳಿಸಿತು.

"ಯವ್ವಾ..."

ಬಗ್ಗಿ ನೋಡಿದರೆ ಎಳ್ಳಿನಷ್ಟು ಗಾತ್ರದ ಒಂದು ಹುಳ. ಕಪ್ಪು ಮೈ, ಮುಖಕ್ಕೆ ಉದ್ದನೆ ಸೊಂಡಿಲು.

"ಯಾರವ್ವ ನೀನು? ಇಷ್ಟು ಸಣ್ಣ ಆನಿ ನಾನು ನೋಡಿಲ್ಲ."

"ಆನಿ ಅಲ್ಲ ಯವ್ವಾ, ನುಸಿ. ಸೊಂಡಿಲಕ್ಕ ಅಂತ ನನ್ನ ಹೆಸರು. ಬಸುರಿ ಅದೀನಿ. ಎಲ್ಲಾರಿಗೂ ತವರುಮನಿ ಐತಿ, ನನಗಿಲ್ಲ. ಹೆರಿಗಿಗೆ ಹೋಗಾಕ ಒಂದು ಬಾಗಿಲಿಲ್ಲ."

ಹುಲಿಗೆವ್ವನ ಕಣ್ಣು ತುಂಬಿದವು. ಜೋಳ ತೂರುತ್ತಿದ್ದ ಗದ್ದೆಪ್ಪ ಅಲ್ಲಿಂದಲೇ ಕೂಗಿದ, "ಒಂದು ಕಾಳು ಕೊಟ್ಟು ಕಳಿಸು ಅತ್ತ. ಗಾಳಿ ಐತಿ, ಕೆಲಸ ಐತಿ."

"ನೀವು ಸುಮ್ಮನಿರ್ರಿ. ಬಸುರಿ ಹೆಣ್ಣುಮಗಳನ್ನ ಕಣದಿಂದ ಹಂಗ ಕಳಿಸ್ತಾರೇನು?"

ಹುಲಿಗೆವ್ವ ಆ ಹುಳವನ್ನು ಮೊರದ ಮೇಲೆ ಕೂರಿಸಿದಳು. ಅರಿಶಿನ ಕುಂಕುಮ ಹಚ್ಚಿದಳು. ಸೊಂಡಿಲಕ್ಕ ರೆಕ್ಕೆಯನ್ನೇ ಸೆರಗಿನ ಹಾಗೆ ಒಡ್ಡಿದಳು. ಹುಲಿಗೆವ್ವ ಐದು ಕಾಳು ಹಾಕಿ ಅವಳ ಉಡಿ ತುಂಬಿದಳು. "ಇವತ್ತಿನಿಂದ ನೀನು ಈ ಮನಿ ಮಗಳು. ಇದ ನಿನ್ನ ತವರು. ಹೆರಿಗಿಗೆ ಬಾರವ್ವ" ಅಂದಳು.

ಬೇರೆ ಯಾರೇ ಆಗಿದ್ದರೂ ಕಾಲಲ್ಲಿ ಹೊಸಕಿ ಮುಂದೆ ಹೋಗುತ್ತಿದ್ದರು. ನಮ್ಮವರು ಹುಳಕ್ಕೆ ಕುಂಕುಮ ಹಚ್ಚಿದರು. ಇಂಥ ತಪ್ಪು ಮಾಡಲಿಕ್ಕೂ ದೊಡ್ಡ ಮನಸ್ಸು ಬೇಕು, ಅದನ್ನೂ ಹೇಳಿಬಿಡುತ್ತೇನೆ.

ಚಳಿ ಹೋಯಿತು, ಬೇಸಿಗೆ ಬಂತು. ರೊಟ್ಟಿಗೆ ಜೋಳ ತೆಗೆಯಲು ಹುಲಿಗೆವ್ವ ಹಗೇವಿನ ಚಪ್ಪಡಿ ಸರಿಸಿದಳು. ಗಾಳಿಯಪ್ಪ ಮೊದಲು ಇಳಿದು ಒಳಗಿನ ಕೆಟ್ಟ ಉಸಿರನ್ನು ಹೊರಗೆ ಹಾಕಿದ. ಆಮೇಲೆ ಅವಳು ಇಳಿದು ಜೋಳದಲ್ಲಿ ಕೈ ಇಟ್ಟಳು, ಇಟ್ಟವಳೇ ಕೈ ಎಳೆದುಕೊಂಡಳು.

ಜೋಳ ಬಿಸಿಯಾಗಿತ್ತು. ಜ್ವರ ಬಂದ ಮಗುವಿನ ಹಣೆಯ ಹಾಗೆ.

ಬೊಗಸೆಯಲ್ಲಿ ಎತ್ತಿದರೆ ಕಾಳಿಗೆ ತೂಕವೇ ಇಲ್ಲ. ಒಂದೊಂದು ಕಾಳಿಗೂ ಒಂದೊಂದು ತೂತು. ಬೆರಳ ಸಂದಿಯಿಂದ ಬಿಳಿ ಹಿಟ್ಟು ಸುರಿಯಿತು. ತೂತು ತೂತಿನಿಂದ ಸಣ್ಣ ಸಣ್ಣ ಸೊಂಡಿಲು ಹೊರಗೆ ಇಣುಕಿದವು.

"ಬಾ ಯವ್ವಾ, ಬಾ! ಎಲ್ಲಾರೂ ಆರಾಮ ಅದೀವಿ" ಎಂದಳು ಸೊಂಡಿಲಕ್ಕ.

"ಏನವ್ವ ಇದು?"

"ಹೆರಿಗಿ ಯವ್ವಾ. ನನ್ನದು ಆತು. ನನ್ನ ಹೆಣ್ಣುಮಕ್ಕಳದ್ದು ಆತು. ಮೊಮ್ಮಕ್ಕಳದ್ದು ನಡದೈತಿ. ಒಬ್ಬೊಬ್ಬರಿಗೆ ಒಂದೊಂದು ಕಾಳು ಬಾಣಂತಿ ಕ್ವಾಣಿ. ಬಾಳ ಬೆಚ್ಚಗ ಐತಿ ನಿನ್ನ ಮನಿ."

"ಮಳಿ ಬಂದ್ರ ಬಿತ್ತಾಕ ಕಾಳು ಬೇಕವ್ವ. ಲೋಕದಾಗ ಜೋಳ ಇರೂದು ಇದೊಂದ ಹಗೇವಿನಾಗ. ಇದು ಹೋದ್ರ ಮುಂದ ಜೋಳ ಅನ್ನೂದ ಇರೂದಿಲ್ಲ. ದೊಡ್ಡ ಮನಸ್ಸು ಮಾಡಿ ಹೊರಡ್ರಿ."

ಸೊಂಡಿಲಕ್ಕ ಸೊಂಡಿಲು ಎತ್ತಿದಳು. "ತವರಿಗೆ ಬಂದ ಮಗಳಿಗೆ ಹೊರಗ ಹೋಗು ಅಂತೀಯೇನು? ಅನ್ನು. ಎಲ್ಲಾರೂ ಕೇಳಲಿ, ಅನ್ನು ನೋಡೋಣ!"

ಮೇಲಿನಿಂದ ಗದ್ದೆಪ್ಪ ಕಸಬರಿಗೆ ಹಿಡಿದು ಇಳಿಯಲು ಬಂದ. ಹುಲಿಗೆವ್ವನೇ ತಡೆದಳು. "ಬ್ಯಾಡ್ರಿ. ತುಂಬಿದ ಉಡಿ ನಾವು ಕಸಗೊಂಡ್ರ, ನಾಳೆ ಯಾವ ಮಗಳು ಧೈರ್ಯದಲೆ ತವರಿನ ಬಾಗಿಲು ಬಡೀತಾಳ? ನಮ್ಮ ಮಗಳೂ ಗಂಡನ ಮನಿಯಾಗ ಅದಾಳ. ನೆನಪಿರಲಿ."

ಗದ್ದೆಪ್ಪ ಕಸಬರಿಗೆ ಬಿಸಾಕಿ ಕೂತುಬಿಟ್ಟ.

ನ್ಯಾಯ ಆಲದ ಮರದ ಹತ್ತಿರ ಹೋಯಿತು. ಗಿಡ ಮರ ಎಲ್ಲ ನಡೆದು ಬಂದು ಸುತ್ತ ನಿಂತವು. ಆಲದಜ್ಜ ಬಿಳಲುಗಳನ್ನು ನೀವಿಕೊಂಡು ಹೇಳಿದ, "ಉಡಿ ತುಂಬಿದ ಮ್ಯಾಲ ಮುಗೀತು. ಆಕೀನ್ನ ಹೊಡಿಯೂಹಂಗಿಲ್ಲ, ಬೈಯೂಹಂಗಿಲ್ಲ, ಹೊರಗ ಹಾಕೂಹಂಗಿಲ್ಲ."

"ಹಂಗಾದ್ರ ನಾವು ಏನು ಬಿತ್ತೂದು?" ಎಂದಳು ಹುಲಿಗೆವ್ವ.

"ಹುಲ್ಲು ತಿಂದು ಬದುಕ್ರಿ. ದನ ಬದುಕಿಲ್ಲೇನು?" ಎಂದಿತು ಹುಣಸೆ. ಅದರ ಮಾತು ಆಗಲೂ ಹುಳಿಯೇ.

ಹುಲಿಗೆವ್ವ ಬೇವಿನ ಕಡೆ ತಿರುಗಿದಳು. "ನೀನರ ಬಾರಪ್ಪ, ಏನರ ಮಾಡು."

"ನಾನೇನವ್ವ, ಇಷ್ಟು ಎತ್ತರದ ಮರ. ತಗ್ಗಿನಾಗ ಇಳದ್ರ ನನ್ನ ಮರ್ಯಾದಿ ಏನಾಗಬೇಕು?" ಎಂದು ಬೇವು ಮೇಲೆ ಮೋಡ ನೋಡುತ್ತಾ ನಿಂತಿತು.

ಸೊಂಡಿಲಕ್ಕ ಮೊರದ ಮೇಲೆ ಕೂತು ನಗುತ್ತಿದ್ದಳು.

ಆಗ ಎಲ್ಲರ ಹಿಂದಿನಿಂದ ಒಂದು ದನಿ ಬಂತು. "ನನ್ನ ಉಡಿ ತುಂಬು."

ಎಲ್ಲ ಮರಗಳೂ ತಿರುಗಿ ನೋಡಿದವು. ಲಕ್ಕಿ. ಆವತ್ತೂ ಅರ್ಧ ಮೈ ಆಡು ಮೇದಿತ್ತು.

ಬೇವು ನಕ್ಕಿತು. "ಆಡಿನ ತುತ್ತು ನೀನು. ನಿನಗ್ಯಾಕ ಈ ಉಸಾಬರಿ?"

"ನಿನ್ನ ಕೇಳಿಲ್ಲ ಬೇವಣ್ಣ. ನೀನು ಮೋಡ ನೋಡು." ಲಕ್ಕಿ ಬೇರೆತ್ತಿಕೊಂಡು ನಡುವೆ ಬಂದು ನಿಂತಳು. "ಆಲದಜ್ಜಾ, ಆಕಿ ಒಬ್ಬಾಕಿನ ಮಗಳಾಗಬೇಕೇನು? ನನ್ನ ಉಡೀನೂ ತುಂಬಲಿ. ನಾನೂ ಮಗಳಾಗ್ತೀನಿ. ಆಕಿ ಕುಂತಲ್ಲೇ ನಾನೂ ಕುಂದ್ರತೀನಿ. ಒಬ್ಬ ಮಗಳ ಬಾಜೂಕ ಇನ್ನೊಬ್ಬ ಮಗಳು ಕುಂದ್ರಬಾರದು ಅನ್ನೋ ಪದ್ಧತಿ ಐತೇನು? ಐತೇನು ಹೇಳು!"

ಆಲದಜ್ಜ ಬಿಳಲೆಲ್ಲ ಕೆರೆದುಕೊಂಡ. ಹುಡುಕಿದ, ಹುಡುಕಿದ. ಕೊನೆಗೆ "ಇಲ್ಲ" ಅಂದ.

"ಕುಂತು ಏನು ಮಾಡ್ತೀಯವ್ವ?" ಎಂದು ಹುಲಿಗೆವ್ವ ಮೆಲ್ಲಗೆ ಕೇಳಿದಳು.

"ಅದು ನನಗ ಗೊತ್ತಿಲ್ಲ. ಆದ್ರ ಏಳೂದಿಲ್ಲ."

ಹುಲಿಗೆವ್ವ ಮೊರ ಹಿಡಿದು ಗಟ್ಟಿ ಕಾಳು ಹುಡುಕಿದಳು. ಟೊಳ್ಳು, ಟೊಳ್ಳು, ಮತ್ತೆ ಟೊಳ್ಳು. ಕಷ್ಟಪಟ್ಟು ಐದು ಕಾಳು ಸಿಕ್ಕವು. ಅರಿಶಿನ ಕುಂಕುಮ ಹಚ್ಚಿ ಲಕ್ಕಿಯ ಮುಂದೆ ನಿಂತಳು. ಯಾವತ್ತೂ ಯಾರೂ ಆ ಗಿಡದ ಉಡಿ ತುಂಬಿರಲಿಲ್ಲ. ಕಾಯಿಲ್ಲದ, ಹಣ್ಣಿಲ್ಲದ ಗಿಡಕ್ಕೆ ಯಾರು ತುಂಬುತ್ತಾರೆ? ಒಂದು ಕಾಳೂ ಕೆಳಗೆ ಬೀಳಬಾರದು ಎಂದು ಲಕ್ಕಿ ಎಷ್ಟು ಬಿಗಿಯಾಗಿ ಎಲೆ ಚಾಚಿದಳೆಂದರೆ, ಜೋಡಿಸಿದ್ದ ಎಲೆ ಸೀಳಿ ಐದು ಬೆರಳಾಯಿತು. ಒಂದೊಂದು ಕಾಳು ಹಿಡಿಯಲು ಒಂದೊಂದು ಬೆರಳು. ಅಲ್ಲಲ್ಲಿ ಮೂರೇ ಬೆರಳಿನ ಎಲೆಯೂ ಇರುತ್ತದೆ. ಅವು ಸೋಮಾರಿ ಎಲೆಗಳು, ತಡವಾಗಿ ಎದ್ದವು.

"ನೀನೂ ಈ ಮನಿ ಮಗಳು" ಎಂದಳು ಹುಲಿಗೆವ್ವ.

ಲಕ್ಕಿ ಯಾರ ಮುಖವನ್ನೂ ನೋಡದೆ ನೆಟ್ಟಗೆ ಹೋಗಿ ಹಗೇವಿನೊಳಗೆ ಇಳಿದಳು. ಸೊಂಡಿಲಕ್ಕ ಅವಳಿಗಿಂತ ಮೊದಲೇ ಓಡಿ ಒಳಗೆ ಸೇರಿಕೊಂಡಳು.

"ಬಾ ತಂಗಿ, ಬಾ. ಜಾಗ ಇಲ್ಲ, ಮೂಲ್ಯಾಗ ಕುಂದ್ರು" ಎಂದಳು ಸೊಂಡಿಲಕ್ಕ.

"ನಡು ಮನಿಯಾಗ ಕುಂದ್ರತೀನಿ. ನೀ ಸರಿ" ಎಂದು ಲಕ್ಕಿ ಜೋಳದ ನಟ್ಟನಡುವೆ ಬೇರು ಮಡಿಸಿ ಕೂತಳು.

ಒಳಗೆ ಬಿಸಿಲಿಲ್ಲ. ನೀರಿಲ್ಲ. ಹುಳಗಳ ಉಸಿರಿಗೆ ಜೋಳ ಕುದಿಯುತ್ತಿತ್ತು. ಹಿಟ್ಟು ಹಾರಿ ಹಾರಿ ಲಕ್ಕಿಯ ಎಲೆಗಳ ತಳಕ್ಕೆಲ್ಲ ಮೆತ್ತಿಕೊಂಡಿತು. ಎಲೆ ತಿರುಗಿಸಿ ನೋಡಿ, ಎಷ್ಟು ಮಳೆ ಹೊಯ್ದರೂ ತಳದ ಆ ಬಿಳುಪು ಹೋಗಿಲ್ಲ.

ಮರಿ ನುಸಿಗಳು ಅವಳ ಮೈ ಹತ್ತಿದವು. ಒಂದು ಕಚ್ಚಿತು. "ಅಜ್ಜೀ, ಸಿಹಿ ಐತಿ!" ಎಂದು ಕೂಗಿತು. ಕೂಗಿದ್ದೇ ತಡ, ಸಾವಿರ ಸೊಂಡಿಲು ಅವಳ ಎಲೆಗೆ ನೆಟ್ಟವು.

ಸೊಂಡಿಲಕ್ಕ ಮೆತ್ತಗೆ ಕಿವಿಯ ಹತ್ತಿರ ಬಂದಳು. "ತಂಗೀ, ಯಾಕ ಸಾಯ್ತೀ? ಮ್ಯಾಲ ಹೋಗು. ಗಾಳಿ ಐತಿ, ಹಳ್ಳ ಐತಿ. ಇವರು ನಿನಗ ಏನು ಮಾಡ್ಯಾರ? ಐದು ಕಾಳು. ಅಷ್ಟಕ್ಕ ಜೀವ ಕೊಡ್ತೀಯೇನು?"

"ಮ್ಯಾಲೂ ನನ್ನ ತಿಂತಾರ, ಇಲ್ಲೂ ತಿಂತೀರಿ. ಮ್ಯಾಲ ಯಾರೂ ನನ್ನ ಒಂದು ಮಾತು ಕೇಳಿ ತಿಂದಿಲ್ಲ. ನೀನೂ ಕೇಳಲಿಲ್ಲ. ತಿನ್ನು. ಹೊಟ್ಟಿ ಬಿರಿಯೂಹಂಗ ತಿನ್ನು. ಏಳೂದಿಲ್ಲ."

ಹೇಳುತ್ತಾ ಹೇಳುತ್ತಾ ಲಕ್ಕಿಗೆ ಸಿಟ್ಟು ಬಂತು. ಹೊಸ ಸಿಟ್ಟಲ್ಲ, ಹೋತ ಗಡ್ಡ ಒರೆಸಿಕೊಂಡ ಅಷ್ಟೂ ದಿನಗಳ ಹಳೇ ಸಿಟ್ಟು. ಬೇರಿನಿಂದ ಎದ್ದು, ಕಾಂಡ ಹತ್ತಿ, ಎಲೆಯ ತುದಿಗೆ ಬಂತು. ಆ ಸಿಟ್ಟಿಗೆ, ಆ ಸೆಕೆಗೆ ಅವಳು ಬೆವರಿದಳು. ನೀರಿನ ಬೆವರಲ್ಲ. ಎಣ್ಣೆ. ಎಲೆಯ ರಂಧ್ರ ರಂಧ್ರದಿಂದ ಸಣ್ಣ ಸಣ್ಣ ಎಣ್ಣೆಹನಿ ಒಸರಿತು. ಆ ಹನಿ ಕಾವಿಗೆ ಆವಿಯಾಗಿ ಎದ್ದಿತು.

ಅದೇ ಲೋಕದ ಮೊದಲ ವಾಸನೆ.

ಮರಿ ನುಸಿಯೊಂದು ಸೊಂಡಿಲು ಹಿಡಿದುಕೊಂಡು ಉರುಳಿತು. "ಅಜ್ಜೀ, ಮುಖದಾಗ ಉರೀತೈತಿ!"

"ಬಾಗಿಲ ಕಡೆ ಹೋಗ್ರಿ, ತಣ್ಣಗ ಗಾಳಿ ಐತಿ" ಎಂದಳು ಸೊಂಡಿಲಕ್ಕ. ನುಸಿಗಳೆಲ್ಲ ಹಗೇವಿನ ಬಾಯಿಗೆ ಮುಗಿಬಿದ್ದವು. ವಾಸನೆಯೂ ಅವುಗಳ ಹಿಂದೆಯೇ ಬಾಯಿಯ ಕಡೆ ಎದ್ದು, ಹೊರಗೆ ಹೋಗಿ, ತೆಳ್ಳಗಾಗತೊಡಗಿತು.

ಲಕ್ಕಿಗೆ ಗೊತ್ತಾಯಿತು. "ಯವ್ವಾ! ಚಪ್ಪಡಿ ಎಳಿ!"

ಹುಲಿಗೆವ್ವ ಮೇಲಿನಿಂದ ಬಗ್ಗಿ ನೋಡಿದಳು. "ನೀನು ಒಳಗ ಅದೀಯಲ್ಲವ್ವ! ಉಸಿರು ಕಟ್ಟಿ ಸಾಯ್ತೀ."

"ನಾನು ನನ್ನ ತವರಿನಾಗ ಅದೀನಿ. ಮಗಳು ಒಳಗಿದ್ದಾಗ ಬಾಗಿಲು ಹಾಕಿದ್ರ ಯಾರು ಏನಂತಾರ? ಎಳಿ ಅಂದ್ರ ಎಳಿ! ಮಣ್ಣು ಮೆತ್ತು!"

ಹುಲಿಗೆವ್ವ ಅಳುತ್ತಾ ಚಪ್ಪಡಿ ಎಳೆದಳು. ಗದ್ದೆಪ್ಪ ಹಸಿಮಣ್ಣು ಮೆತ್ತಿದ. ವಾಸನೆಗೆ ಹೊರಗೆ ಹೋಗಲು ದಾರಿ ಇಲ್ಲ. ಅದು ಕಾಳು ಕಾಳಿನ ಸಂದಿಗೆ ಇಳಿಯಿತು, ತೂತು ತೂತಿನೊಳಗೆ ನುಗ್ಗಿತು. ಒಳಗಿನಿಂದ ಜಗಳ ಕೇಳಿಸಿತು, ಕೆಮ್ಮು ಕೇಳಿಸಿತು. ಆಮೇಲೆ ಏನೂ ಇಲ್ಲ.

ಹುಲಿಗೆವ್ವ ಚಪ್ಪಡಿಯ ಪಕ್ಕದಲ್ಲೇ ಕೂತಳು. ರೊಟ್ಟಿ ತಿನ್ನಲಿಲ್ಲ. ಮೊದಲ ಮೋಡ ಗುಡ್ಡದ ಮೇಲೆ ಬಂದು "ಏನವ್ವ, ಬೀಜ ತಯಾರೈತೇನು?" ಎಂದು ಗುಡುಗಿದಾಗ ಎದ್ದು ನಿಂತಳು.

ಮಣ್ಣು ಕೆತ್ತಿ ಚಪ್ಪಡಿ ಸರಿಸಿದರು. ಪದ್ಧತಿಯಂತೆ ಗಾಳಿಯಪ್ಪ ಮೊದಲು ಇಳಿದ. ಇಳಿದವನೇ ಲೋಕದ ಮೊದಲ ಸೀನು ಸೀನಿದ. ಆ ಸೀನಿಗೆ ಹುಣಸೆಯ ಎಲೆಗಳೆಲ್ಲ ಚೂರು ಚೂರಾದವು, ಇವತ್ತಿಗೂ ಚೂರೇ.

ಹಿಂದೆಯೇ ಬದುಕುಳಿದ ನುಸಿಗಳು ತತ್ತರಿಸುತ್ತಾ ಹೊರಗೆ ಬಂದವು. ಸೊಂಡಿಲಕ್ಕ ನೆಟ್ಟಗೆ ಆಲದಜ್ಜನ ಮುಂದೆ ಬಿದ್ದಳು. "ಅನ್ಯಾಯ! ನನ್ನ ತವರಿನಿಂದ ನನ್ನ ಹೊರಗ ಹಾಕಿದ್ರು!"

ಗದ್ದೆಪ್ಪ ಹಗೇವಿಗೆ ಇಳಿದು ಲಕ್ಕಿಯನ್ನು ಎತ್ತಿಕೊಂಡು ಬಂದಿದ್ದ. ಎಲೆ ಬಾಡಿತ್ತು, ತೂತುಬಿದ್ದಿತ್ತು. ಗಂಟಲು ಮಾತ್ರ ಒಣಗಿರಲಿಲ್ಲ.

"ಯಾರು ಹಾಕಿದ್ರು? ನಾನು ಹೊಡದೆನೇನು? ಬೈದೆನೇನು? ಕಚ್ಚಿದಾಕಿ ನೀನು. ನನ್ನ ತವರಿನಾಗ ನಾನು ಕುಂತಿದ್ದೆ. ಸೆಕಿ ಆತು, ಬೆವತೆ. ಮಗಳು ತವರಿನಾಗ ಬೆವರಬಾರದು ಅನ್ನೋ ಪದ್ಧತಿ ಐತೇನು ಆಲದಜ್ಜಾ?"

ಆಲದಜ್ಜ ಈ ಸಲ ಹುಡುಕಲೇ ಇಲ್ಲ. "ಇಲ್ಲ! ಹೆಂಗ ಬೇಕಾದ್ರೂ ಬೆವರು ತಾಯಿ!"

ಸೊಂಡಿಲಕ್ಕ ಸೊಂಡಿಲು ಝಾಡಿಸಿದಳು. "ಎಷ್ಟು ದಿನ ಬೆವರ್ತೀ? ನಿನ್ನ ಬೆವರು ಆರಿದ ದಿನ ಬರ್ತೀನಿ."

"ಬಾ. ಹಳೇ ಎಲಿ ಆರಿದ್ರ ಹೊಸ ಎಲಿ ತಗೊಂಡು ಕುಂದ್ರತೀನಿ. ನನಗ ಚಿಗುರೂದು ಯಾರೂ ಕಲಿಸಬೇಕಾಗಿಲ್ಲ."

ಹಗೇವಿನ ಅಡಿಯಲ್ಲಿ, ಲಕ್ಕಿ ಕೂತಿದ್ದ ಜಾಗದ ಸುತ್ತ, ಒಂದು ಮೊರದಷ್ಟು ಕಾಳು ತೂತಿಲ್ಲದೆ ಗಟ್ಟಿಯಾಗಿ ಉಳಿದಿತ್ತು. ಹುಲಿಗೆವ್ವ ಅದನ್ನು ಬಿತ್ತಿದಳು. ನೀವು ಬೆಳಿಗ್ಗೆ ತಿಂದ ರೊಟ್ಟಿ ಆ ಮೊರದ್ದೇ. ಅಲ್ಲ ಅನ್ನುವವರು ರೊಟ್ಟಿ ಕೆಳಗಿಟ್ಟು ಮಾತಾಡಲಿ.

ಲಕ್ಕಿ ಹಳ್ಳದ ದಂಡೆಗೆ ಹೋಗಿ ಕಾಲು ನೆನೆಸಿ ಮತ್ತೆ ಚಿಗುರಿದಳು. ಹೋತ ಬಂತು, ಬಾಯಿ ಹಾಕಿತು, ಮೂತಿ ಸೊಟ್ಟ ಮಾಡಿ "ಥೂ" ಎಂದು ಉಗಿದು ಓಡಿತು. ಹಳ್ಳ ಹೊಟ್ಟೆ ಹಿಡಿದು ನಕ್ಕಿತು.

ಮಿಕ್ಕ ಗಿಡಗಳಿಗೆ ನಾಚಿಕೆಯಾಯಿತು. ತುಳಸಿ ಬಂದು ಬೆವರುವುದನ್ನು ಕಲಿತಳು. ಬಜೆ ತನ್ನ ಬೇರಿನಲ್ಲಿ ಕಲಿಯಿತು, ಮಜ್ಜಿಗೆಹುಲ್ಲು ತನ್ನ ಗರಿಯಲ್ಲಿ ಕಲಿಯಿತು. ಬೇವು ಕೂಡ ತಲೆ ತಗ್ಗಿಸಿ ಬಂದು "ನನಗೂ ಒಂಚೂರು ಹೇಳಿಕೊಡವ್ವ" ಎಂದಿತು. ಲಕ್ಕಿ ಹೇಳಿಕೊಟ್ಟಳು. ಆದರೆ ಅದಕ್ಕೆ ಮೊದಲು ಅದನ್ನು ಬಿಸಿಲಲ್ಲಿ ಚೆನ್ನಾಗಿ ಕಾಯಿಸಿದಳು. ಸಿಟ್ಟೇ ಬರದಿದ್ದರೆ ಬೆವರು ಎಲ್ಲಿಂದ ಬರಬೇಕು?

ಅಂದಿನಿಂದ ಇಂದಿನವರೆಗೂ ಲಕ್ಕಿಯ ಎಲೆಯನ್ನು ಅಂಗೈಯಲ್ಲಿ ತಿಕ್ಕಿದರೆ ಮೂಗಿಗೆ ಚುರುಕ್ಕನೆ ಏರುವುದು ಆ ಹೆಣ್ಣುಮಗಳ ಸಿಟ್ಟು, ಮತ್ತು ಅದು ಹೊರಗೆ ಹೋಗಬಾರದೆಂದೇ ನಿಮ್ಮ ಅಜ್ಜಿ ಪ್ರತಿ ಸುಗ್ಗಿಗೂ ಜೋಳದ ನಡುವೆ ಹೊಸ ಲಕ್ಕಿ ಸೊಪ್ಪು ಇಟ್ಟು, ಕಣಜದ ಬಾಯಿಗೆ ಬಿಗಿಯಾಗಿ ಮಣ್ಣು ಮೆತ್ತುತ್ತಾಳೆ.